ಬೆಳಗಿನ ತೂಕ, ಸಂಜೆಯ ತೂಕ

ಸೈನ್ಯದ ವರ್ಕ್‌ಶಾಪಿನಿಂದ ಬಿಡುಗಡೆಯಾಗಿ ಮೈಸೂರಿಗೆ ಬಂದ ಮೇಲೆ ಕುಂಬಾರಕೊಪ್ಪಲಿನ ಹತ್ತಿರ ಒಂದು ಶೆಡ್ ಹಿಡಿದು ಮೋಟಾರ್ ಸೈಕಲ್ ರಿಪೇರಿ ಶುರು ಮಾಡಿದೆ. ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಊರಿನಲ್ಲಿ ಎಲ್ಲಿ ನೋಡಿದರೂ ಸೈಕಲ್ಲು, ಟಾಂಗಾ. ಮೋಟಾರ್ ಸೈಕಲ್ಲುಗಳು ಎಷ್ಟು ವಿರಳವಾಗಿದ್ದವೆಂದರೆ, ಬೀದಿಯಲ್ಲಿ ಶಬ್ದ ಕೇಳಿದರೆ ಇದು ಇಂಥವರ ಗಾಡಿ ಎಂದು ಒಳಗೆ ಕುಳಿತೇ ಹೇಳಬಹುದಿತ್ತು.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೆಲ ಗುಡಿಸಿ, ನೀರು ಚಿಮುಕಿಸಿ, ನಟ್ಟು ಬಿಗಿಯುವ ಪಾನಾಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಹಲಗೆಗೆ ನೇತುಹಾಕುತ್ತಿದ್ದೆ. ಹಲಗೆಯ ಮೇಲೆ ಪ್ರತಿಯೊಂದು ಪಾನಾದ ಆಕಾರವನ್ನೂ ಬಣ್ಣದಲ್ಲಿ ಬರೆದಿದ್ದೆ. ಯಾವುದಾದರೂ ವಾಪಸ್ಸು ಬರದಿದ್ದರೆ ಅದರ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಗಾಡಿಯ ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ನಟ್ಟು ಬಿಗಿಯುವಾಗ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸುತ್ತಮುತ್ತಲಿನವರು ನನ್ನನ್ನು 'ಮಿಲ್ಟ್ರಿಯವರು' ಎಂದು ಕರೆಯುತ್ತಿದ್ದುದರಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ. ಎರಡೂ ನನಗೆ ಒಗ್ಗಿದ್ದವು.

ಒಂದು ದಿನ ಬೆಳಿಗ್ಗೆ ನೆಲ ಇನ್ನೂ ಒಣಗಿರಲಿಲ್ಲ, ಒಬ್ಬ ತೆಳ್ಳನೆಯ ಯುವಕ ದೊಡ್ಡ ಗಾಡಿಯೊಂದನ್ನು ತಳ್ಳಿಕೊಂಡು ಬಂದರು. ಮೊಣಕೈಗೆ ಬಟ್ಟೆ ಸುತ್ತಿದ್ದರು. ಗಾಡಿಯ ಮಡ್‌ಗಾರ್ಡಿನ ಮೇಲೆ ಸರ್ಕಾರಿ ನಂಬರು. ದನಗಳ ಆಸ್ಪತ್ರೆಯಲ್ಲಿ ಅವರ ಕೆಲಸ. ಹೂಟಗಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುವ ದೊಡ್ಡರೋಗ ಬರದಂತೆ ಹಸು ಎತ್ತುಗಳಿಗೆ ಚುಚ್ಚುಮದ್ದು ಹಾಕಿ ಬರಬೇಕು. ಅವರು ಡಾಕ್ಟರಲ್ಲ, ಆದರೆ ಹಳ್ಳಿಯವರಿಗೆ ಡಾಕ್ಟರೇ. ನಾನೂ ಹಾಗೆಯೇ ಕರೆದೆ, ಹೆಸರಿಗಿಂತ ಅದೇ ಬಾಯಿಗೆ ಬಂತು.

"ಗಾಡಿ ನನ್ ಮಾತು ಕೇಳ್ತಿಲ್ಲ ಸಾರ್," ಎಂದರು. "ಡಾಂಬರಲ್ಲಿ ಚೆನ್ನಾಗೋಗ್ತದೆ. ಎತ್ತಿನಗಾಡಿ ಜಾಡಿಗೆ ಇಳಿದ್ನೋ, ಮುಂಚಕ್ರ ಕುಣಿಯೋಕೆ ಶುರು ಮಾಡ್ತದೆ. ಎರಡು ಸಲ ಬಿದ್ಬುಟ್ಟೆ."

"ಬ್ರೇಕ್ ಹಿಡಿದಿರಾ?"

"ಬ್ರೇಕೂ ಇಲ್ಲ, ಏನೂ ಇಲ್ಲ. ಸುಮ್ನೆ ಹೋಗ್ತಿದ್ದೆ, ಎತ್ತಿ ಒಗೀತು."

ಎರಡನೆಯ ಸಲ ಬಿದ್ದಾಗ ಮದ್ದಿನ ಫ್ಲಾಸ್ಕು ಒಡೆದಿತ್ತು. ಆ ಮದ್ದು ಐಸಿನಲ್ಲಿರಬೇಕು, ಬಿಸಿಲು ತಾಗಿದರೆ ನೀರಿಗೆ ಸಮ. ಇಡೀ ಒಂದು ಹಳ್ಳಿಯ ದನಗಳಿಗೆ ಆಗಬೇಕಾದದ್ದು ರಸ್ತೆಯ ಮೇಲೆ ಹರಿದಿತ್ತು. ಮೇಲಧಿಕಾರಿಗಳು ಕರೆಸಿ, ಗಾಡಿ ಹಿಡಿತಕ್ಕೆ ಬರುವುದಿಲ್ಲ ಎಂದಾದರೆ ಅದನ್ನು ಓಡಿಸಲು ಬರುವವರಿಗೆ ಕೊಟ್ಟು, ಇವರನ್ನು ನಡೆದೇ ತಿರುಗಬಹುದಾದ ಯಾವುದಾದರೂ ದೂರದ ಆಸ್ಪತ್ರೆಗೆ ಹಾಕುವುದಾಗಿ ಹೇಳಿದ್ದರು. ಅಧಿಕಾರಿಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಇವರ ಹೆಂಡತಿ ಮೈಸೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದರು, ಅರ್ಧ ದಾರಿಯಲ್ಲಿದ್ದರು. ಇವರಿಗೆ ವರ್ಗವಾದರೆ ಆಕೆ ಒಬ್ಬರೇ ಇಲ್ಲಿರುವುದಕ್ಕೆ ಎರಡೂ ಮನೆಯವರು ಒಪ್ಪುವುದಿಲ್ಲ. ತರಬೇತಿ ಅಲ್ಲಿಗೇ ನಿಲ್ಲುತ್ತದೆ.

"ಅವಳು ಓದ್ಲಿ ಅಂತ ನಾನೇ ಹಟ ಮಾಡಿ ಸೇರಿಸ್ದೆ ಸಾರ್. ಈಗ ನಾನೇ ಬಿದ್ದು ಬಿದ್ದು ಬುಡಿಸ್ದಂಗಾಯ್ತದೆ," ಎಂದರು. ಅವರು ಅತ್ತುಕೊಂಡೇನೂ ಹೇಳಲಿಲ್ಲ. ಗಾಡಿಯ ಸೀಟಿನ ಧೂಳು ಒರೆಸುತ್ತ ಹೇಳಿದರು.

ನಾನು ಗಾಡಿಯ ಹ್ಯಾಂಡಲ್ ಹಿಡಿದು ಮುಂಭಾಗವನ್ನು ಕೆಳಕ್ಕೆ ಒತ್ತಿ ನೋಡಿದೆ. ಗೋಡೆಯನ್ನು ಒತ್ತಿದ ಹಾಗಿತ್ತು.

ಗೊತ್ತಿಲ್ಲದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ಮುಂಚಕ್ರವನ್ನು ಹಿಡಿದಿರುವ ಎರಡು ಕಾಲುಗಳೇ ಫೋರ್ಕು. ಒಂದೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆ. ಒಳಗೆ ಉದ್ದನೆಯ ಸ್ಪ್ರಿಂಗು, ಸ್ವಲ್ಪ ಎಣ್ಣೆ. ಸವಾರ ಕುಳಿತಾಗ ಅದು ಒಂದಿಷ್ಟು ಕುಸಿಯಬೇಕು. ಕುಸಿಯದಿದ್ದರೆ ಹಳ್ಳ ಬಂದಾಗ ಚಕ್ರ ಕೆಳಗಿಳಿಯಲು ಅವಕಾಶವಿಲ್ಲ, ಕಲ್ಲು ಬಂದಾಗ ಗಾಡಿಯೇ ನೆಗೆಯುತ್ತದೆ. ವಿಪರೀತ ಕುಸಿದರೆ ತಳ ಮುಟ್ಟಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗೆ ಒಟ್ಟು ಚಲನೆಯ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಸವಾರನ ತೂಕಕ್ಕೆ ಹೋಗಬೇಕು, ಉಳಿದದ್ದು ರಸ್ತೆಗೆ. ವರ್ಕ್‌ಶಾಪಿನಲ್ಲಿ ನಮಗೆ ಕಲಿಸಿದ್ದು ಇಷ್ಟು. ಇದರಲ್ಲಿ ಊಹೆಗೆ ಜಾಗವಿಲ್ಲ, ಟೇಪು ಹಿಡಿದು ಅಳೆಯಬೇಕು.

ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಚಕ್ರವನ್ನು ನೆಲ ಬಿಡಿಸಿ, ಚಕ್ರದ ಅಚ್ಚಿನಿಂದ ಹ್ಯಾಂಡಲ್ಲಿನ ಬುಡದವರೆಗೆ ಅಳೆದೆ. ದಿಮ್ಮಿ ತೆಗೆದು, ಅವರನ್ನು ಹತ್ತಿಸಿ, ಎರಡೂ ಕಾಲು ಫುಟ್‌ರೆಸ್ಟಿನ ಮೇಲಿಡಿಸಿ, ಪಕ್ಕದ ಸೌದೆ ಡಿಪೋದವರನ್ನು ಕರೆದು ಹಿಂದಿನಿಂದ ಹಿಡಿಸಿ ಮತ್ತೆ ಅಳೆದೆ. ಅಳತೆಯಲ್ಲಿ ಒಂದು ಬೆರಳಿನ ಅಗಲದಷ್ಟೂ ವ್ಯತ್ಯಾಸವಿರಲಿಲ್ಲ.

"ಏನ್ ಸ್ವಾಮಿ, ಮನುಷ್ಯ ಕೂತಿದ್ದಾನೋ ಗುಬ್ಬಚ್ಚಿ ಕೂತಿದ್ಯೋ?" ಎಂದರು ಡಿಪೋದವರು.

"ನಿಮ್ಮಂಗೆ ಸೌದೆ ಮಾರೀ ಮಾರೀ ದಪ್ಪ ಆಗಿಲ್ಲ ಕಣ್ರೀ ನಾನು," ಎಂದರು ಇವರು ಗಾಡಿಯ ಮೇಲಿನಿಂದಲೇ.

ಫೋರ್ಕಿನ ಮೇಲಿನ ನಟ್ಟು ಬಿಚ್ಚಿದೆ. ಸ್ಪ್ರಿಂಗಿನ ನೆತ್ತಿಯ ಮೇಲೆ ಒಂದರ ಮೇಲೊಂದು ಜೋಡಿಸಿದ ತೂತು ಕಾಸುಗಳು. ನಯಾಪೈಸೆ ಬರುವುದಕ್ಕೆ ಮುಂಚೆ ಚಲಾವಣೆಯಲ್ಲಿದ್ದ, ನಡುವೆ ರಂಧ್ರವಿದ್ದ ಕಾಸುಗಳು ಅವು. ವಾಷರ್ ಸಿಗದ ಕಡೆ ಮೆಕ್ಯಾನಿಕ್ಕುಗಳು ಅವನ್ನೇ ಹಾಕುವುದಿತ್ತು. ಇವರಿಗಿಂತ ಮೊದಲು ಈ ಗಾಡಿಯನ್ನು ಓಡಿಸುತ್ತಿದ್ದವರು ಭಾರಿ ಆಳಂತೆ. ಅವರ ತೂಕಕ್ಕೆ ಸ್ಪ್ರಿಂಗನ್ನು ಹೀಗೆ ಬಿಗಿ ಮಾಡಿಸಿದ್ದರು. ಅದೇ ಬಿಗಿಯ ಮೇಲೆ ಈ ಕಡ್ಡಿಯಂಥ ಮನುಷ್ಯ ಕುಳಿತರೆ ಚಕ್ರ ಕುಣಿಯದೆ ಏನು ಮಾಡುತ್ತದೆ?

ಕಾಸುಗಳನ್ನು ತೆಗೆದೆ. ಹಳೆಯ ಎಣ್ಣೆ ಹೊಲಸು ಕೆಸರಾಗಿತ್ತು, ಅದನ್ನು ಇಳಿಸಿ ತೆಳುವಾದ ಎಣ್ಣೆಯನ್ನು ಎರಡೂ ಕಾಲಿಗೆ ಒಂದೇ ಪ್ರಮಾಣದಲ್ಲಿ ಹಾಕಿದೆ. ಮತ್ತೆ ಕೂರಿಸಿ ಅಳೆದೆ. ಸ್ವಲ್ಪ ಹೆಚ್ಚು ಕುಸಿಯಿತು. ಪೈಪಿನ ಚಿಕ್ಕ ತುಂಡೊಂದನ್ನು ಗರಗಸದಲ್ಲಿ ಕೊಯ್ದು, ಅರದಿಂದ ಅಂಚು ಉಜ್ಜಿ, ಸ್ಪ್ರಿಂಗಿನ ಮೇಲಿಟ್ಟೆ. ಈ ಸಲ ಲೆಕ್ಕಕ್ಕೆ ಸರಿಯಾಗಿ ನಿಂತಿತು. ಅವರು ಕೊಪ್ಪಲಿನಾಚೆಯ ಎತ್ತಿನಗಾಡಿ ಜಾಡಿನಲ್ಲಿ ಒಂದು ಸುತ್ತು ಹೋಗಿ ಬಂದರು. ಮುಖ ಅರಳಿತ್ತು.

"ಎತ್ತಿನಂಗೆ ತಗ್ಗಿ ನಡೀತದೆ ಸಾರ್ ಈಗ!"

ಅಲ್ಲಿಗೆ ಆ ಕೆಲಸ ಮುಗಿಯಿತೆಂದುಕೊಂಡೆ. ಮಳೆಗಾಲ ಮುಗಿಯುವವರೆಗೂ ಅವರು ಬೀಳಲಿಲ್ಲ. ಆಗಾಗ ಶೆಡ್ಡಿನ ಮುಂದೆ ಹಾದುಹೋಗುವಾಗ ಕೈ ಎತ್ತುತ್ತಿದ್ದರು.

ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಮತ್ತೆ ಗಾಡಿ ತಳ್ಳಿಕೊಂಡು ಬಂದರು. ಈ ಸಲ ಮಂಡಿಗೆ ಪಟ್ಟಿ. ಹಿಂದಿನ ಸಂಜೆ ವಾಪಸ್ಸು ಬರುವಾಗ ತೊರೆಯ ಇಳಿಜಾರಿನಲ್ಲಿ ಮುಂಭಾಗ ಟಣ್ ಎಂದು ಬಡಿದು, ಹ್ಯಾಂಡಲ್ ತಿರುಗಿ ಬಿದ್ದಿದ್ದರು. ಫ್ಲಾಸ್ಕು ಹೇಗೋ ಉಳಿದಿತ್ತು. ಆದರೆ ಕುಂಟುವುದನ್ನು ಅಧಿಕಾರಿಗಳು ನೋಡಿದ್ದರು.

"ಸಾಹೇಬ್ರು, 'ಗುರುವಾರ ನಾನೇ ನಿಮ್ ಜೊತೆ ಬರ್ತೀನಿ, ನೀವು ಹೆಂಗೆ ಓಡಿಸ್ತೀರಿ ನೋಡ್ತೀನಿ, ಆಮೇಲೆ ತೀರ್ಮಾನ' ಅಂದ್ರು ಸಾರ್."

ಫೋರ್ಕಿನ ಎರಡೂ ಕಾಲಿನಿಂದ ಎಣ್ಣೆ ಜಿನುಗಿತ್ತು. ತಳ ಮುಟ್ಟಿ ಬಡಿದ ಗುರುತು ಸ್ಪಷ್ಟವಾಗಿತ್ತು. ಎಣ್ಣೆ ಸೋರದಂತೆ ತಡೆಯುವ ಸೀಲು ಬದಲಾಯಿಸಿ, ಎಣ್ಣೆ ತುಂಬಿ, ಅವರನ್ನು ಕೂರಿಸಿ ಅಳೆದೆ. ನಾನು ಮಾಡಿಕೊಟ್ಟಿದ್ದ ಅಳತೆಯೇ ಇತ್ತು, ಕೂದಲೆಳೆಯೂ ಆಚೀಚೆ ಆಗಿರಲಿಲ್ಲ. ಇಷ್ಟು ಹಗುರ ಮನುಷ್ಯ ತೊರೆಯ ಇಳಿಜಾರಿನಲ್ಲಿ ಈ ಸ್ಪ್ರಿಂಗನ್ನು ತಳ ಮುಟ್ಟಿಸುವುದು ಸಾಧ್ಯವೇ ಇಲ್ಲ.

"ಕಲ್ಲಿಗೆ ಹೊಡೆದಿರಾ?"

"ಇಲ್ಲ ಸಾರ್. ನುಣ್ಣಗಿರೋ ಮಣ್ಣು."

"ಹಿಂದೆ ಯಾರನ್ನಾದರೂ ಕೂರಿಸಿದ್ರಾ?"

"ಸರ್ಕಾರಿ ಗಾಡೀಲಿ ಯಾರ್ನ ಕೂರುಸ್ಲಿ?"

"ಏನಾದರೂ ಲೋಡು?"

"ಏನೂ ಇಲ್ಲ ಸಾರ್. ಫ್ಲಾಸ್ಕು, ಸೂಜಿ ಡಬ್ಬ, ಅಷ್ಟೇಯ."

ನನಗೆ ತಲೆ ಓಡಲಿಲ್ಲ. ಸ್ಪ್ರಿಂಗನ್ನೇ ಹೊರತೆಗೆದು ಬೆಂಚಿನ ಮೇಲಿಟ್ಟು, ಎಲ್ಲಾದರೂ ಬಿರುಕಿದೆಯೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಅವರ ಹೆಂಡತಿ ತರಬೇತಿಗೆ ಹೋಗುವ ದಾರಿಯಲ್ಲಿ ಶೆಡ್ಡಿನ ಬಾಗಿಲಿಗೆ ಬಂದರು. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಬಟ್ಟೆಯ ಚೀಲ. ಚೀಲವನ್ನು ಬೆಂಚಿನ ತುದಿಗಿಟ್ಟರು. ಶೆಡ್ಡಿಗೆಲ್ಲ ಹೊಲದ ವಾಸನೆ ಹರಡಿತು. ಸೊಗಡು ಅವರೇಕಾಯಿ.

"ತಗೊಳಿ ಅಣ್ಣ, ಮನೇಲಿ ಕೊಡಿ. ನಮ್ಮನೇಲಿ ಬಿಡಿಸಿ ಬಿಡಿಸಿ ನನ್ ಬೆರಳೆಲ್ಲ ಕಪ್ಪಾಗೋಗವೆ. ದಿನಾ ಎರಡು ಚೀಲ ತರ್ತಾರೆ, ತಿನ್ನೋರು ಇಬ್ರು."

"ಎಲ್ಲಿಂದ ತರ್ತಾರೆ?"

"ಹಳ್ಳಿಯೋರು ಕೊಡ್ತಾರಲ್ಲ. ಸೂಜಿ ಹಾಕಿದ್ಮೇಲೆ ಸುಮ್ನೆ ಕಳುಸ್ತಾರಾ? ಅವರೇಕಾಯಿ ಅಂತೆ, ಕುಂಬಳಕಾಯಿ ಅಂತೆ, ತೆಂಗಿನಕಾಯಿ ಅಂತೆ. ಹ್ಯಾಂಡ್ಲಿಗೆ ಆ ಕಡೆ ಒಂದು, ಈ ಕಡೆ ಒಂದು ನೇತಾಕ್ಕೊಂಡು ಬರೋದ್ ನೋಡ್ಬೇಕು ನೀವು, ಸಂತೆ ಮುಗ್ಸಿ ಬರೋರು ಇವ್ರ ಮುಂದೆ ಏನೂ ಅಲ್ಲ."

ನಾನು ಸ್ಪ್ರಿಂಗನ್ನು ಕೆಳಗಿಟ್ಟೆ.

"ಲೋಡು ಇಲ್ಲ ಅಂದ್ರಲ್ರೀ ಡಾಕ್ಟ್ರೇ?"

ಅವರು ನಿಜವಾಗಿಯೂ ಆಶ್ಚರ್ಯಪಟ್ಟು ನನ್ನ ಮುಖ ನೋಡಿದರು. "ಅದು ಲೋಡೆಂಗಾಯ್ತದೆ ಸಾರ್? ಅವರೇಕಾಯಿ!"

ಅವರ ಪಾಲಿಗೆ ಲೋಡೆಂದರೆ ಸರ್ಕಾರ ಹೊರಿಸಿದ್ದು. ಊರಿನವರು ಪ್ರೀತಿಯಿಂದ ಕೊಟ್ಟದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಲೆಕ್ಕಕ್ಕೂ ಅದು ಬಂದಿರಲಿಲ್ಲ. ಏಕೆಂದರೆ ಗಾಡಿಯ ಹ್ಯಾಂಡಲ್ಲಿಗೆ ಕುಂಬಳಕಾಯಿ ನೇತುಹಾಕಬಹುದು ಎಂಬ ಯೋಚನೆ ವರ್ಕ್‌ಶಾಪಿನಲ್ಲಿ ಕಲಿತವನಿಗೆ ಹುಟ್ಟುವುದಿಲ್ಲ. ನಾನು ಅವರನ್ನು ಕೂರಿಸಿ ಅಳೆದದ್ದೆಲ್ಲ ಬೆಳಿಗ್ಗೆ. ಬೆಳಿಗ್ಗೆ ಅವರು ಖಾಲಿ. ಮೊದಲು ಕೆಲಸ ಮಾಡಿಸಿಕೊಂಡಾಗ ಹೊಲದಲ್ಲಿ ಕೊಡುವಂಥ ಬೆಳೆಯೇ ಇರಲಿಲ್ಲ. ಈಗ ಇತ್ತು.

"ಇವತ್ತಿನಿಂದ ಬೇಡ ಅಂತ ಹೇಳಿಬಿಡಿ," ಎಂದೆ.

"ಅಂಗನ್ನೋಕಾಗಲ್ಲ ಸಾರ್." ಅವರು ತಲೆಯಾಡಿಸಿದರು. "ಈ ಮದ್ದು ಹಾಕಿದ್ರೆ ಹಾಲು ಬತ್ತೋಯ್ತದೆ ಅಂತ ಮೊದ್ಲು ಕೊಟ್ಟಿಗೆ ಬಾಗ್ಲೇ ತೆಗೀತಿರಲಿಲ್ಲ. ಒಬ್ಬ ಯಜಮಾನ್ರ ಮನೇಲಿ ಕುಂತು ಉಂಡು, ಅವರು ಕೊಟ್ಟಿದ್ದ ತಗೊಂಡ್ಮೇಲೆ ಪಕ್ಕದ ಮನೆಯೋರು ಕರೆದ್ರು. ಬ್ಯಾಡ ಅಂದ್ರೆ, ಇವ್ನು ನಮ್ಮೋನಲ್ಲ ಅಂದ್ಬುಡ್ತಾರೆ. ನಾಳೆ ಹಸು ಹಿಡಿಯೋಕೆ ಒಬ್ರೂ ಬರಲ್ಲ."

ಅದನ್ನು ಕೇಳಿದ ಮೇಲೆ ನಾನು ವಾದ ಮಾಡಲಿಲ್ಲ. ಅವರೇಕಾಯಿಯೂ ಅವರ ಕೆಲಸದ ಭಾಗವೇ. ಹಾಗಾದರೆ ಅದನ್ನೂ ಅಳೆಯಬೇಕು.

"ನಾಳೆ ಸಂಜೆ ಮನೆಗೆ ಹೋಗಬೇಡಿ. ಹಳ್ಳಿಯಿಂದ ಹೇಗೆ ಬರ್ತೀರೋ ಹಾಗೇ, ಒಂದು ಕಾಯಿ ಸಹ ಇಳಿಸದೆ ಇಲ್ಲಿಗೆ ಬನ್ನಿ. ನಿಧಾನವಾಗಿ ಬನ್ನಿ."

ಬಂದರು. ಎಡಗಡೆ ಅವರೇಕಾಯಿ ಚೀಲ, ಬಲಗಡೆ ಒಂದು ಕುಂಬಳಕಾಯಿ ಮತ್ತು ಜೋಡಿ ತೆಂಗಿನಕಾಯಿ. ಟ್ಯಾಂಕಿನ ಮೇಲೆ ಹುರುಳಿಯ ಗಂಟು. ಇದೆಲ್ಲದರ ಜೊತೆಗೆ ಕಾಲು ಕಟ್ಟಿದ ಒಂದು ಹುಂಜ, ಕ್ಲಚ್ಚಿನ ಪಕ್ಕದಲ್ಲಿ ತಲೆಕೆಳಗಾಗಿ. ಸೌದೆ ಡಿಪೋದವರು ಕರೆಯದೆಯೇ ಬಂದು ಹಿಂದೆ ಹಿಡಿದುಕೊಂಡರು. ನಾನು ಟೇಪು ಹಿಡಿದೆ. ಹುಂಜ ರೆಕ್ಕೆ ಬಡಿಯಿತು, ಟೇಪಿನ ತುದಿ ಜಾರಿತು. ಮತ್ತೆ ಹಿಡಿದೆ, ಮತ್ತೆ ಬಡಿಯಿತು.

"ಅಲ್ಲಾಡಬೇಡಿ," ಎಂದೆ.

"ನಾನಲ್ಲ ಸಾರ್, ಅವನು!"

"ಅವನ ತೂಕ ಬೇರೆ ಬರ್ಕೊಳಿ ಸ್ವಾಮಿ, ಅವನೂ ಸರ್ಕಾರಿ ಸವಾರನೇ," ಎಂದರು ಡಿಪೋದವರು. ಕೊನೆಗೆ ಹುಂಜದ ಮೇಲೆ ಗೋಣಿಯ ತುಂಡು ಮುಚ್ಚಿದ ಮೇಲೆ ಅಳತೆ ಸಿಕ್ಕಿತು. ಫೋರ್ಕು ತನ್ನ ಚಲನೆಯ ಬಹುಪಾಲನ್ನು ನಿಂತಲ್ಲೇ ತಿಂದುಬಿಟ್ಟಿತ್ತು. ರಸ್ತೆಗೆ ಉಳಿದದ್ದು ಅತ್ಯಲ್ಪ. ಅದರ ಮೇಲೆ ಹ್ಯಾಂಡಲ್ಲಿಗೆ ತೂಗುವ ಭಾರ ಗಾಡಿ ತಿರುಗಿಸಿದಾಗಲೆಲ್ಲ ತಾನೂ ತೂಗುತ್ತದೆ, ನಾವು ಎಳೆದದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಹಿಂದಿನ ಸವಾರರು ಕಾಸುಗಳನ್ನು ತುಂಬಿಸಿದ್ದು ತಮ್ಮ ಮೈತೂಕಕ್ಕೆ ಮಾತ್ರವಲ್ಲ, ಬಹುಶಃ ಇದಕ್ಕೂ ಸೇರಿಸಿಯೇ ಎಂದು ಆಗ ಹೊಳೆಯಿತು.

ಈಗ ಎರಡೇ ದಾರಿ. ಸಂಜೆಯ ತೂಕಕ್ಕೆ ಬಿಗಿ ಮಾಡಿದರೆ ಬೆಳಿಗ್ಗೆ ಚಕ್ರ ಮತ್ತೆ ಕುಣಿಯುತ್ತದೆ. ಬೆಳಗಿನ ತೂಕಕ್ಕೇ ಬಿಟ್ಟರೆ ಸಂಜೆ ತಳ ಬಡಿಯುತ್ತದೆ. ಬೆಳಿಗ್ಗೆಯೇ ಫ್ಲಾಸ್ಕಿನಲ್ಲಿ ಮದ್ದು ತುಂಬಿರುವುದು. ಆದ್ದರಿಂದ ಫೋರ್ಕು ಬೆಳಗಿನ ತೂಕಕ್ಕೇ ಇರಬೇಕು, ಸಂಜೆಯ ಭಾರ ಫೋರ್ಕನ್ನು ಬಿಟ್ಟು ಬೇರೆ ಕಡೆ ಕೂರಬೇಕು.

ನನ್ನ ಹತ್ತಿರ ಸೈನ್ಯದ ಹಳೆಯ ಟೆಂಟಿನ ಕ್ಯಾನ್ವಾಸು ಇತ್ತು. ಸೀಮೆಸುಣ್ಣದಲ್ಲಿ ಅದರ ಮೇಲೆ ಗೆರೆ ಹಾಕಿದೆ: ಸೀಟಿನ ಹಿಂಭಾಗದ ಮೇಲೆ ಹಾದು ಎರಡೂ ಪಕ್ಕಕ್ಕೆ ಇಳಿಯುವ ಜೋಡಿ ಚೀಲ, ಚಕ್ರಕ್ಕೆ ತಾಗದಂತೆ ಕೆಳಗೆ ಪಟ್ಟಿ. ಹೊಲಿಯುವವರನ್ನು ಹುಡುಕಬೇಕಾಗಲಿಲ್ಲ. ಅವರ ಹೆಂಡತಿ ಅದನ್ನು ಮನೆಗೆ ಒಯ್ದು ದಬ್ಬಣದಲ್ಲಿ ಹೊಲಿದು ಮಾರನೆಯ ದಿನ ತಂದರು. ಹೊಲಿಗೆ ನೇರವಾಗಿತ್ತು, ಎಲ್ಲಿ ಎಳೆತ ಬೀಳುತ್ತದೋ ಅಲ್ಲಿ ಎರಡು ಸಾಲು ಹಾಕಿದ್ದರು. ನಾನು ಅದನ್ನು ಹೇಳಿರಲಿಲ್ಲ.

ಗಾಡಿಗೆ ಹಾಕಿ ನೋಡಿ ಆಕೆ ನಕ್ಕರು. "ಅಗಸರ ಕತ್ತೆ ಥರ ಕಾಣ್ತದೆ ಕಣಣ್ಣ."

"ಕತ್ತೆ ಬೀಳೋದನ್ನ ನೀವು ನೋಡಿದ್ದೀರಾ?"

"ಇಲ್ಲ."

"ಅಷ್ಟೇ."

ಹಿಂಚಕ್ರದ ಸ್ಪ್ರಿಂಗುಗಳನ್ನು ಒಂದು ಹಂತ ಬಿಗಿ ಮಾಡಿದೆ. ಡಾಕ್ಟರಿಗೆ ಎರಡು ನಿಯಮ ಹೇಳಿದೆ. ಎರಡೂ ಚೀಲ ಒಂದೇ ತೂಕ ಇರಬೇಕು. ಹ್ಯಾಂಡಲ್ಲಿಗೆ ಏನನ್ನೂ, ಒಂದು ಹೂವಿನ ಹಾರವನ್ನೂ ಹಾಕಕೂಡದು. ಅವರು ಶಾಲೆಯ ಮಗುವಿನಂತೆ ಎರಡನ್ನೂ ಬಾಯಲ್ಲಿ ಹೇಳಿ ಒಪ್ಪಿಸಿದರು.

ಗುರುವಾರ ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಡಾಕ್ಟರೇ ಮಾರನೆಯ ಬೆಳಿಗ್ಗೆ ಬಂದು ಹೇಳಿದರು.

ಅಧಿಕಾರಿಗಳು ಜೀಪಿನಲ್ಲಿ ಹಿಂದೆ ಬಂದರು. ಹೋಗುವಾಗ ಎತ್ತಿನಗಾಡಿ ಜಾಡಿನಲ್ಲಿ ಗಾಡಿ ತಗ್ಗಿ ನಡೆಯಿತು, ಫ್ಲಾಸ್ಕು ಅಲುಗಲಿಲ್ಲ. ತೊರೆಯ ಹತ್ತಿರ ಜೀಪು ಮರಳಿನಲ್ಲಿ ಹೂತುಕೊಂಡಿತು. ಡ್ರೈವರು ಎಷ್ಟು ಒದ್ದಾಡಿದರೂ ಚಕ್ರ ಸುತ್ತಿತೇ ಹೊರತು ಮೇಲೆ ಬರಲಿಲ್ಲ. ಅಧಿಕಾರಿಗಳು ಇಳಿದು, ಪ್ಯಾಂಟು ಕೊಡವಿ, "ನಡೀರಿ, ನಾನು ಹಿಂದೆ ಕೂತ್ಕೋತೀನಿ" ಎಂದರು.

"ನನಗೆ ಎದೆ ಧಸಕ್ಕಂತು ಸಾರ್," ಎಂದರು ಡಾಕ್ಟರು. "ಅವ್ರು ಸುಮಾರಾದ ಆಳಲ್ಲ. ನೀವು ಅವರ್ನ ಅಳತೆ ಮಾಡಿಲ್ವಲ್ಲ!"

ಹಳ್ಳಿಗೆ ಹೋದರು. ಕೊಟ್ಟಿಗೆಗಳ ಬಾಗಿಲು ತೆರೆದೇ ಇದ್ದವು. ದನಗಳನ್ನು ಒಂದೆಡೆ ಕಟ್ಟಿ ನಿಲ್ಲಿಸಿದ್ದರು. ಅಧಿಕಾರಿಗಳು ಅದನ್ನೆಲ್ಲ ನೋಡಿದರು. ಹೊರಡುವ ಹೊತ್ತಿಗೆ ದೊಡ್ಡ ಸಾಹೇಬರು ಬಂದಿದ್ದಾರೆಂದು ಹಳ್ಳಿಯವರು ಅವರಿಗೂ ಪ್ರತ್ಯೇಕವಾಗಿ ಕೊಟ್ಟರು. ಅವರು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಂತೆಯೇ ಒಬ್ಬ ಅಜ್ಜಿ ಬೈದರಂತೆ: "ಅದ್ಯಾಕಪ್ಪ ಬ್ಯಾಡ? ನಮ್ ಡಾಕ್ಟ್ರು ತಗೊಳಲ್ವಾ? ನಿಂದೇನು ಹೆಚ್ಚುಗಾರಿಕೆ?" ಚೀಲಗಳೆರಡೂ ತುಂಬಿದವು. ಜಾಗ ಸಾಲದ ಒಂದು ಕುಂಬಳಕಾಯಿಯನ್ನು ಅಜ್ಜಿ ಹ್ಯಾಂಡಲ್ಲಿಗೆ ಕಟ್ಟಲು ಹೋದರು. ಡಾಕ್ಟರು ಬಿಡಲಿಲ್ಲ. ಹಾಗಾಗಿ ಅದನ್ನು ಅಧಿಕಾರಿಗಳು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ತೊರೆಯ ಇಳಿಜಾರು ಬಂತು. ಅಲ್ಲೇ ಡಾಕ್ಟರು ಮೊನ್ನೆ ಬಿದ್ದದ್ದು. "ಕಣ್ಣು ಮುಚ್ಕೊಂಬಿಡಾಣ ಅನ್ನುಸ್ತು, ಓಡ್ಸೋನು ಮುಚ್ಕೊಳಂಗಿಲ್ವಲ್ಲ," ಎಂದರು. ಮುಂಭಾಗ ತಗ್ಗಿತು, ಎದ್ದಿತು. ಬಡಿದ ಶಬ್ದ ಬರಲಿಲ್ಲ. ಹಿಂದೆ ಕುಳಿತ ಭಾರವನ್ನೆಲ್ಲ ಹಿಂದಿನ ಚಕ್ರವೇ ಹೊತ್ತಿತ್ತು, ಫೋರ್ಕಿನ ಮೇಲೆ ಇವರದೇ ತೂಕ. ಇದನ್ನು ನಾನು ಮೊದಲೇ ಹೇಳಿದ್ದರೆ ಅವರ ಎದೆ ಅಷ್ಟು ಬಡಿಯುತ್ತಿರಲಿಲ್ಲ. ಆದರೆ ಅಧಿಕಾರಿಗಳು ಹತ್ತುತ್ತಾರೆಂದು ಯಾರಿಗೆ ಗೊತ್ತಿತ್ತು? ತೊರೆಯ ಈಚೆ ದಡದಲ್ಲಿ, ಅಷ್ಟರಲ್ಲಿ ಡ್ರೈವರು ಜೀಪನ್ನು ಮರಳಿನಿಂದ ಮೇಲೆ ತಂದು ನಿಲ್ಲಿಸಿದ್ದ ಜಾಗದಲ್ಲಿ, ಅಧಿಕಾರಿಗಳು ಕುಂಬಳಕಾಯಿ ಸಮೇತ ಇಳಿದರು. ಚೀಲಗಳನ್ನು ಮುಟ್ಟಿ ನೋಡಿದರು.

"ಇದನ್ನ ಎಲ್ಲಿ ಹೊಲಿಸಿದ್ರಿ?"

"ನಮ್ಮನೆಯೋಳೇ ಹೊಲಿದಿದ್ದು ಸಾರ್."

"ಓದ್ತಾ ಇದಾರೆ ಅಂದಿದ್ರಲ್ಲ, ಅವರಾ?"

"ಹೂಂ ಸಾರ್."

"ಇನ್ನೊಂದು ಜೊತೆ ಹೊಲಿಯೋಕೆ ಹೇಳಿ, ಇನ್ನೊಬ್ಬರ ಗಾಡಿಗೆ ಬೇಕು. ಪರೀಕ್ಷೆ ಆದ ಮೇಲೆ ಹೊಲಿದ್ರೆ ಸಾಕು." ಅಷ್ಟು ಹೇಳಿ ಜೀಪು ಹತ್ತಿದರು. ವರ್ಗದ ಮಾತೇ ಬರಲಿಲ್ಲ.

"ಬಿಟ್ರು ಅಂತಾನಾ ಸಾರ್ ಇದರ ಅರ್ಥ?" ಎಂದು ಡಾಕ್ಟರು ನನ್ನನ್ನು ಕೇಳಿದರು. ರಾತ್ರಿಯಿಡೀ ಗಂಡಹೆಂಡಿರು ಅದನ್ನೇ ಚರ್ಚೆ ಮಾಡಿದ್ದರಂತೆ.

"ಪರೀಕ್ಷೆವರೆಗೂ ನೀವು ಇಲ್ಲೇ ಇರ್ತೀರಿ ಅಂತ ಅರ್ಥ," ಎಂದೆ.

ಆದೇಶ ಬರಲಿಲ್ಲ. ಅವರು ಆ ಹಳ್ಳಿಗಳಲ್ಲೇ ಮುಂದುವರಿದರು. ಬೇಸಿಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನಾನು ಒಂದು ಎಂಜಿನ್ನಿನ ತಲೆ ಬಿಗಿಯುತ್ತಿದ್ದೆ. ಆಗ ನಾನು ಮಾತಾಡುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಕೊನೆಯ ನಟ್ಟು ಮುಗಿದು ನಾನು ಪಾನಾ ಹಲಗೆಗೆ ಹಾಕುವವರೆಗೂ ಕಾದರು.

"ಪಾಸಾಯ್ತು ಅಣ್ಣ. ಹೂಟಗಳ್ಳಿ ಸ್ಕೂಲಿಗೆ ಹಾಕವ್ರೆ."

"ಒಳ್ಳೇದಾಯ್ತು. ಅವರ ದಾರೀಲೇ ಇದೆಯಲ್ಲ."

"ದಾರೀಲಿದ್ರೇನು, ಸರ್ಕಾರಿ ಗಾಡೀಲಿ ಹೆಂಡ್ತಿ ಕೂರಂಗಿಲ್ವಂತೆ. ರೂಲ್ಸಂತೆ. ನಡ್ಕೊಂಡೇ ಹೋಗ್ಬೇಕು ನಾನು."

"ರೂಲ್ಸು ಅಂದ್ರೆ ರೂಲ್ಸೇ," ಎಂದೆ. ಆಕೆ ಹೌದೆಂಬಂತೆ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಹೂಟಗಳ್ಳಿ ದಾರಿ ಹಿಡಿದರು.